ದೂರದ ನಡಿಗೆಗೆ ಮನಸ್ಸಿನ ಸಿದ್ಧತೆ

ಬರುವ ಜನವರಿಯಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯರನ್ನು ತುಮಕೂರಿನಿಂದ ಗುಬ್ಬಿಗೂ, ಗುಬ್ಬಿಯಿಂದ ಕಡಬದ ಮಾರ್ಗವಾಗಿ ಕುಣಿಗಲಿಗೂ, ಅಲ್ಲಿಂದ ಹೆಬ್ಬೂರು ಗೂಳೂರುಗಳನ್ನು ಹಾದು ಮರಳಿ ತುಮಕೂರಿಗೂ ಕಾಲ್ನಡಿಗೆಯಲ್ಲಿ ಕರೆದೊಯ್ಯಬೇಕೆಂದು ನಿಶ್ಚಯಿಸಿರುವೆವು. ಆರು ದಿನಗಳ ದಾರಿ. ಒಟ್ಟು ಸುಮಾರು ೧೦೦ ಕಿಲೋಮೀಟರು. ಈ ಸಂಗತಿಯನ್ನು ಪೋಷಕರ ಸಭೆಯಲ್ಲಿ ತಿಳಿಸಿದಂದಿನಿಂದ ನಮಗೆ ಬಂದಿರುವ ಪ್ರಶ್ನೆಗಳು ಬಹಳ. ಬೂಟು ಎಂಥದಿರಬೇಕು, ಚೀಲ ಎಷ್ಟು ತೂಕವಿರಬೇಕು, ರಾತ್ರಿ ತಂಗುವುದೆಲ್ಲಿ, ಅಡಿಗೆ ಯಾರದು, ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ ಸರಿ. ಉತ್ತರಗಳನ್ನು ಅಚ್ಚುಮಾಡಿಸಿ ಮನೆಮನೆಗೆ ಕಳುಹಿಸಿದ್ದಾಗಿದೆ. ಆದರೆ ಹುಡುಗಿಯ ಮನಸ್ಸನ್ನು ಇಂಥ ನಡಿಗೆಗೆ ಅಣಿಮಾಡುವುದು ಹೇಗೆಂದು ಒಬ್ಬರಾದರೂ ಕೇಳಲಿಲ್ಲ. ಅದಕ್ಕಾಗಿ ನಾವು ಯಾರನ್ನೂ ದೂರುವಂತಿಲ್ಲ. ಯಾಕಂದರೆ ಕೆಲವು ವರ್ಷಗಳ ಹಿಂದೆ ನಾವೂ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಅದರ ಫಲವನ್ನು ನಮ್ಮ ಮಗುವೊಬ್ಬಳು ಉಂಡಳು.

ಆ ಮೊದಲ ನಡಿಗೆಯೂ ಇದೇ ದಾರಿಯದು. ಹೊರಡುವ ಮುನ್ನಾದಿನ ಸಂಜೆ ಹುಡುಗಿಯರನ್ನು ಸಭಾಂಗಣದಲ್ಲಿ ಕೂರಿಸಿಕೊಂಡು ನಾವು ಒಂದು ಉಪನ್ಯಾಸವನ್ನೇ ಮಾಡಿದೆವು. ಹೇಡಿಗಳು ಅರ್ಧದಾರಿಯಲ್ಲಿ ನಿಲ್ಲುವರೆಂದೂ, ನಮ್ಮ ಶಾಲೆಯ ಹುಡುಗಿಯರಲ್ಲಿ ಒಬ್ಬಳೂ ಹಿಂದೆ ಉಳಿಯಕೂಡದೆಂದೂ, ನೋವನ್ನು ನುಂಗಿ ನಗುವವಳೇ ಧೀರೆಯೆಂದೂ ಹೇಳಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ನಮಗೂ ನಮ್ಮ ಮಾತು ಬಹಳ ಹಿಡಿಸಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮೊದಲ ದಿನ ಗುಬ್ಬಿಯವರೆಗಿನ ೨೦ ಕಿಲೋಮೀಟರನ್ನು ಹಾಡುತ್ತಲೇ ಮುಗಿಸಿದರು. ಎರಡನೆಯ ದಿನ ಹಾಡು ಕಡಮೆಯಾಯಿತು. ಮೂರನೆಯ ದಿನ, ಕಡಬವನ್ನು ಬಿಟ್ಟು ತೆಂಗಿನ ತೋಟಗಳ ನಡುವಣ ದಾರಿಯಲ್ಲಿ ಹೋಗುತ್ತಿರುವಾಗ, ಸಾಲಿನ ನಡುವೆ ನಡೆಯುತ್ತಿದ್ದ ಹುಡುಗಿಯೊಬ್ಬಳು ಮಾತಿಲ್ಲದೆ ಕುಸಿದಳು. ಬೂಟನ್ನು ಕಳಚಿ ನೋಡಿದರೆ ಕಾಲುಚೀಲ ಹಿಮ್ಮಡಿಯ ಗಾಯಕ್ಕೆ ಅಂಟಿಕೊಂಡಿತ್ತು. ಬೊಬ್ಬೆ ಎದ್ದು, ಒಡೆದು, ಎರಡು ದಿನವಾಗಿತ್ತು. ಬೆಳಿಗ್ಗೆ ಅವಳ ಬಾಟಲಿಗೆ ತುಂಬಿಸಿದ ನೀರು ತುಂಬಿದಂತೆಯೇ ಇತ್ತು. ದಾರಿಯಲ್ಲಿ ಮರೆಗೆ ಹೋಗಬೇಕಾದೀತೆಂಬ ನಾಚಿಕೆಯಿಂದ ಮೂರು ದಿನವೂ ಹಗಲಿನಲ್ಲಿ ಬಾಯಿ ಒದ್ದೆಯಾಗುವಷ್ಟು ಮಾತ್ರ ಕುಡಿದಿದ್ದಳೆಂದು ಆಮೇಲೆ ತಿಳಿಯಿತು. ದಾರಿಯಲ್ಲಿ ಬಂದ ವಾಹನವನ್ನು ತಡೆದು ಆಸ್ಪತ್ರೆಗೆ ಕರೆದೊಯ್ದೆವು. ಗ್ಲೂಕೋಸು ಏರಿಸಿದ ಮೇಲೆ ಸಂಜೆಯ ಹೊತ್ತಿಗೆ ಚೇತರಿಸಿಕೊಂಡಳು. ಹಾಸಿಗೆಯ ಬದಿಯಲ್ಲಿ ಕುಳಿತು, "ಮಗೂ, ಮೊದಲೇ ಏಕೆ ಹೇಳಲಿಲ್ಲ?" ಎಂದು ಕೇಳಿದೆವು. "ಯಾರೂ ಹಿಂದೆ ಉಳೀಬಾರದು ಅಂತ ನೀವೇ ಹೇಳಿದ್ರಲ್ಲ, ಮಿಸ್" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಕಲಿತ ಪಾಠವನ್ನು ಒಪ್ಪಿಸುವಂತೆ ಹೇಳಿದಳು.

ಆ ರಾತ್ರಿಯಿಂದ ನಮ್ಮ ಅಭಿಪ್ರಾಯ ಬದಲಾಯಿತು. ಮನಸ್ಸಿನ ಸಿದ್ಧತೆಯೆಂದರೆ ಮನಸ್ಸನ್ನು ಕಲ್ಲುಮಾಡುವುದೆಂದು ನಾವು ತಿಳಿದಿದ್ದೆವು. ಹೆಚ್ಚಿನವರು ಈಗಲೂ ಹಾಗೆಯೇ ತಿಳಿದಿರುವರು. ನಮ್ಮ ಹೆಣ್ಣುಮಕ್ಕಳಿಗೆ ಆ ವಿದ್ಯೆಯನ್ನು ಶಾಲೆಯವರು ಕಲಿಸಬೇಕಾದುದಿಲ್ಲ. ಹಸಿವನ್ನೂ ಹೊಟ್ಟೆನೋವನ್ನೂ ಬೇಸರವನ್ನೂ ಹೊರಗೆ ತೋರಗೊಡದಿರುವುದನ್ನು ಅವರು ಅಕ್ಷರಾಭ್ಯಾಸಕ್ಕೂ ಮೊದಲು ಮನೆಯಲ್ಲಿಯೇ ಕಲಿತು ಬಂದಿರುತ್ತಾರೆ. "ನನಗೆ ನೋಯುತ್ತಿದೆ, ಸ್ವಲ್ಪ ನಿಲ್ಲಿರಿ" ಎಂದು ಹತ್ತು ಜನರ ಮುಂದೆ ಹೇಳುವುದು ಮಾತ್ರ ಅವರಿಗೆ ಬಾರದು. ದೂರ ಹೊರಡುವ ಹುಡುಗಿಯ ಬೆನ್ನಿನ ಮೇಲೆ ಎಲ್ಲಕ್ಕಿಂತ ಭಾರವಾದ ಹೊರೆ ಸಂಕೋಚ. ನಾವು ಮನೆಗಳಿಗೆ ಕಳುಹಿಸಿದ ತೂಕದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಅದನ್ನು ಇಳಿಸುವುದೇ ಮೊದಲನೆಯ ಸಿದ್ಧತೆಯೆಂಬುದು ನಮ್ಮ ಈಗಿನ ಮತ. ಆ ವರ್ಷದ ತರುವಾಯ ದೊಡ್ಡ ನಡಿಗೆಯನ್ನು ನಿಲ್ಲಿಸಿ, ದೇವರಾಯನದುರ್ಗದವರೆಗಿನ ಒಂದು ದಿನದ ನಡಿಗೆಗಳನ್ನಷ್ಟೇ ಉಳಿಸಿಕೊಂಡು, ಅವುಗಳಲ್ಲಿ ಈ ಮತವನ್ನು ಪರೀಕ್ಷಿಸಿ ನೋಡಿದ್ದೇವೆ. ಈಗ ಮತ್ತೆ ಪೋಷಕರ ಮುಂದೆ ನಿಂತು ಮಕ್ಕಳನ್ನು ಕೇಳುತ್ತಿರುವೆವಾದ್ದರಿಂದ, ಏನನ್ನು ಕಲಿತೆವೆಂದು ಹೇಳುವುದು ನಮ್ಮ ಕರ್ತವ್ಯವಲ್ಲವೆ?

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ನಿಲ್ಲಲು ಅನುಮತಿ ಕೊಟ್ಟರೆ ಎಲ್ಲರೂ ನಿಲ್ಲುವರು, ಮಕ್ಕಳು ಮೆತ್ತಗಾಗುವರು ಎಂದು ಪೋಷಕರೊಬ್ಬರು, ಸೈನ್ಯದಲ್ಲಿದ್ದು ನಿವೃತ್ತರಾದವರು, ನಮ್ಮೊಡನೆ ಬಹಳ ಹೊತ್ತು ವಾದಿಸಿದರು. ಅವರ ಮಾತನ್ನು ನಾವು ಹಗುರವಾಗಿ ಎಣಿಸಿಲ್ಲ. ಆದರೆ ೧೯೩೦ರ ದಂಡಿಯಾತ್ರೆಯನ್ನು ನೆನೆಯೋಣ. ಮಾರ್ಚ್ ೧೨ರಂದು ಸಾಬರಮತಿಯಿಂದ ಹೊರಟು ಸುಮಾರು ೨೪೦ ಮೈಲಿಗಳನ್ನು ೨೪ ದಿನಗಳಲ್ಲಿ ನಡೆದ ಆ ತಂಡಕ್ಕಿಂತ ಗಟ್ಟಿಮನಸ್ಸಿನವರು ಯಾರಿದ್ದಾರು? ಗಾಂಧೀಜಿಯವರೊಡನೆ ಹೊರಟ ೭೮ ಮಂದಿಯಲ್ಲಿ ನಮ್ಮ ನಾಡಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಯಾತ್ರೆಯಲ್ಲಿ ಸೋಮವಾರ ವಿಶ್ರಾಂತಿಯ ದಿನ. ಕಾಲು ಸೋತವರು ಎತ್ತಿನ ಗಾಡಿಯಲ್ಲಿ ಕುಳಿತು ಬಂದರು. ಗಾಂಧೀಜಿಯವರಿಗೆಂದು ಕುದುರೆಯೊಂದನ್ನು ಜೊತೆಯಲ್ಲಿ ಇಟ್ಟುಕೊಂಡಿದ್ದರು. ಅರುವತ್ತು ದಾಟಿದ ಅವರು ಅದನ್ನು ಏರಲೇ ಇಲ್ಲ. ಗಾಡಿಯೂ ಇತ್ತು, ಕುದುರೆಯೂ ಇತ್ತು. ಅವು ಇದ್ದುದರಿಂದ ಯಾತ್ರೆ ಮೆತ್ತಗಾಯಿತೆಂದು ಯಾರೂ ಹೇಳಿಲ್ಲ. (ಆ ೭೮ ಮಂದಿಯಲ್ಲಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲವೆಂಬುದು ನಮಗೆ ಇಂದಿಗೂ ಸ್ವಲ್ಪ ಚುಚ್ಚುವ ಸಂಗತಿ, ಅದು ಬೇರೆ ಮಾತು.)

ಹೆಂಗಸರು ದೂರ ನಡೆಯಲಾರರೆಂಬ ವಾದಕ್ಕೆ ಉತ್ತರ ಕೊಡುತ್ತ ಕುಳಿತುಕೊಳ್ಳುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯನ್ನು ಬಿಟ್ಟು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಹೋದ ಅಕ್ಕಮಹಾದೇವಿಯವರನ್ನು ಹೆತ್ತ ನಾಡಿನಲ್ಲಿ ಅಂಥ ವಾದ ಹುಟ್ಟಲೇ ಬಾರದಾಗಿತ್ತು. ಇಲ್ಲಿ ನಮಗೆ ಬೇಕಾದವರು ಅಮೆರಿಕಾ ದೇಶದ ಎಮ್ಮ ಗೇಟ್‌ವುಡ್ ಎಂಬ ಅಜ್ಜಿ, ಹನ್ನೊಂದು ಮಕ್ಕಳ ತಾಯಿ. ಅಪಲೇಶಿಯನ್ ಪರ್ವತಗಳ ಉದ್ದಕ್ಕೂ ಹೋಗುವ, ೨,೦೦೦ ಮೈಲಿಗೂ ಮೀರಿದ ಕಾಲುದಾರಿಯನ್ನು ಅವರು ೧೯೫೫ರಲ್ಲಿ, ತಮ್ಮ ೬೭ನೆಯ ವಯಸ್ಸಿನಲ್ಲಿ, ಒಬ್ಬರೇ ಒಂದೇ ಬೀಸಿಗೆ ನಡೆದು ಮುಗಿಸಿದರು. ಹಾಗೆ ಮುಗಿಸಿದ ಮೊದಲ ಮಹಿಳೆ ಅವರೇ. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ಮನೆಯಲ್ಲಿಯೇ ಹೊಲಿದ ಚೀಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ವರ್ಷ ಅವರು ಅದೇ ದಾರಿಯ ಉತ್ತರದ ತುದಿಯಿಂದ ಹೊರಟು, ಕೆಲವೇ ದಿನಗಳಲ್ಲಿ ದಾರಿ ತಪ್ಪಿ, ಕನ್ನಡಕವನ್ನು ಒಡೆದುಕೊಂಡು, ಮನೆಗೆ ಹಿಂದಿರುಗಿದ್ದರೆಂಬುದನ್ನು ಮಾತ್ರ ಅನೇಕರು ಬಿಟ್ಟುಬಿಡುತ್ತಾರೆ. ನಮ್ಮ ಮಕ್ಕಳಿಗೆ ನಾವು ಮೊದಲು ಹೇಳುವುದು ಆ ೧೯೫೪ರ ಕಥೆಯನ್ನು.

ಅಷ್ಟು ದೂರದ ದೃಷ್ಟಾಂತವೇ ಏಕೆ? ಶಿವರಾತ್ರಿ ಹತ್ತಿರವಾದಂತೆ ಬೆಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ನಡೆದುಹೋಗುವವರ ಗುಂಪುಗಳು ಕುಣಿಗಲನ್ನು ಹಾದು, ಯಡಿಯೂರಿನ ಮಾರ್ಗವಾಗಿ, ಹಾಸನದ ಕಡೆಗೆ ಸಾಗುತ್ತವೆ. ಸುಮಾರು ೩೦೦ ಕಿಲೋಮೀಟರಿನ ದಾರಿ, ಕೊನೆಯಲ್ಲಿ ಘಟ್ಟದ ಇಳಿತ ಬೇರೆ. ಅವರಲ್ಲಿ ಹೆಂಗಸರ ಸಂಖ್ಯೆ ಕಡಮೆಯೇನಲ್ಲ. ಒಮ್ಮೆ ಯಡಿಯೂರಿನ ಬಳಿ ಮರದಡಿಯಲ್ಲಿ ಕುಳಿತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ವೃದ್ಧೆಯೊಬ್ಬರನ್ನು ಮಾತನಾಡಿಸಿದೆವು. ಎಂಟನೆಯ ಸಲ ಹೋಗುತ್ತಿದ್ದರಂತೆ. ಮನಸ್ಸನ್ನು ಹೇಗೆ ಹಿಡಿದುಕೊಳ್ಳುವಿರೆಂದು ಕೇಳಿದಾಗ ಅವರು ನಕ್ಕು, "ಧರ್ಮಸ್ಥಳ ಎಷ್ಟು ದೂರ ಅಂತ ನೆನೆದ್ರೆ ಕಾಲೇ ಏಳಾಕಿಲ್ಲ ಕಣವ್ವ. ಮುಂದಿನ ಅರವಟ್ಟಿಗೆ ಎಲ್ಲೈತೆ ಅಂತ ಕೇಳ್ತೀನಿ, ಅಲ್ಲಿಗಂಟ ನಡೀತೀನಿ. ಕಾಲು ನೊಂದ್ರೆ ಜೊತೇಲಿರೋರ್ಗೆ ನೊಂತು ಅಂತೀನಿ. ಬಾಯಿ ಇರೋದ್ಯಾಕೆ ಮತ್ತೆ?" ಎಂದರು. ಶಿಕ್ಷಕರ ತರಬೇತಿಯಲ್ಲಿ ನಾವು ಓದಿದ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಇಷ್ಟು ಅಚ್ಚುಕಟ್ಟಾದ ಮಾತು ಸಿಕ್ಕಿರಲಿಲ್ಲ.

ಆದರೂ ಆ ಶಾಸ್ತ್ರಕ್ಕೆ ಅನ್ಯಾಯ ಮಾಡಬಾರದು. ಓಟದ ಹಾದಿಯಲ್ಲಿ ಬಿಟ್ಟ ಇಲಿಗಳು ಆಹಾರದ ಸಮೀಪಕ್ಕೆ ಬಂದಂತೆಲ್ಲ ವೇಗವನ್ನು ಹೆಚ್ಚಿಸುವುವೆಂಬ ತತ್ತ್ವವನ್ನು ಅಮೆರಿಕಾದ ಕ್ಲಾರ್ಕ್ ಹಲ್ ಎಂಬ ಪಂಡಿತರು ೧೯೩೨ರಲ್ಲಿ ವಿವರಿಸಿದರು. ಗುರಿ ಹತ್ತಿರವಾದಷ್ಟೂ ಹುರುಪು ಹೆಚ್ಚು. ಹೊರಡುವಾಗಲೂ ಹುರುಪುಂಟು, ಅದು ಹೊಸತನದ್ದು. ಇವೆರಡರ ನಡುವೆ ಬರಿದಾದ ಒಂದು ಭಾಗವಿರುತ್ತದೆ. ನಮ್ಮ ದಾರಿಯಲ್ಲಿ ಅದು ಮೂರನೆಯ ದಿನ. ಗುಬ್ಬಿಯೆಂದರೆ ವೀರಣ್ಣನವರ ನಾಟಕದ ಕಂಪೆನಿಯ ಊರು, ಚನ್ನಬಸವೇಶ್ವರನ ಜಾತ್ರೆಯ ಊರು. ಕುಣಿಗಲ್ ಎಂದರೆ ಜನಪದರ ಹಾಡಿನಿಂದ ಹೆಸರಾದ ಕೆರೆ. ಎರಡಕ್ಕೂ ಹುಡುಗಿಯರ ಕಣ್ಣ ಮುಂದೆ ಒಂದೊಂದು ಚಿತ್ರವುಂಟು. ಇವುಗಳ ನಡುವಣ ದಾರಿಗೆ ಅಂಥ ಚಿತ್ರವಿಲ್ಲ. ಕೊಯ್ದ ರಾಗಿಯ ಹೊಲ, ತೆಂಗು, ಮತ್ತೆ ಹೊಲ, ಮತ್ತೆ ತೆಂಗು. ಹತ್ತು ಗಂಟೆಗೆ ಬಿಸಿಲೇರುತ್ತದೆ, ಮಾತು ನಿಲ್ಲುತ್ತದೆ, ಪ್ರತಿಯೊಬ್ಬಳೂ ತನ್ನ ನೋವಿನ ಜೊತೆ ಒಬ್ಬಳೇ ಆಗುತ್ತಾಳೆ. ನಮ್ಮ ಹುಡುಗಿ ಬಿದ್ದುದು ಇಂಥ ಹೊತ್ತಿನಲ್ಲಿಯೇ.

ಆದುದರಿಂದ ಈ ಸಲ ಭೂಗೋಳದ ತರಗತಿಯಲ್ಲಿ ಶಿಂಷಾ ನದಿಯ ಪಾಠವನ್ನು ಮೊದಲೇ ಮಾಡಿ ಮುಗಿಸುವೆವು. ನಮ್ಮ ಮಕ್ಕಳು ಹತ್ತಿ ಬಂದಿರುವ ದೇವರಾಯನದುರ್ಗದಲ್ಲಿಯೇ ಆ ನದಿ ಹುಟ್ಟುವುದು. ಅದು ಗುಬ್ಬಿ ತಾ‌ಲ್ಲೂಕಿಗೆ ಹರಿದು ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ಕಂಡು, ಕಟ್ಟಕಡೆಗೆ ಕಾವೇರಿಯನ್ನು ಸೇರುತ್ತದೆ. ಕಡಬದ ಏರಿಯ ಮೇಲೆ ನಿಂತಾಗ, ಇದು ನಮ್ಮ ದುರ್ಗದಿಂದ ಬಂದ ನೀರು, ನಮಗಿಂತ ಮುಂಚೆ ಇಲ್ಲಿಗೆ ತಲುಪಿದೆ ಎಂದು ಅವರಿಗೆ ತೋರಿದರೆ, ಬರಿದಾದ ಆ ದಿನಕ್ಕೂ ಒಂದು ಚಿತ್ರ ಬಂದಂತಾಯಿತು. ಇದರ ಜೊತೆಗೆ ಇನ್ನೊಂದನ್ನು ಮುಚ್ಚುಮರೆಯಿಲ್ಲದೆ ಹೇಳುವೆವು: ಮೂರನೆಯ ದಿನ ಮಧ್ಯಾಹ್ನ ನಿಮಗೆ ಮನೆಗೆ ಹೋಗಿಬಿಡಬೇಕೆನ್ನಿಸುವುದು; ಆಗ ನೀವು ಹೇಡಿಗಳಾದಿರೆಂದು ತಿಳಿಯಬೇಡಿರಿ, ಮೂರನೆಯ ದಿನ ಬಂತೆಂದು ತಿಳಿಯಿರಿ.

ಸವಿಗನಸುಗಳನ್ನು ನಂಬಬಾರದೆಂಬುದೂ ನಮಗೆ ಈಚೆಗೆ ತಿಳಿದ ಸಂಗತಿ. ಗಬ್ರಿಯೆಲೆ ಎಟಿಂಗೆನ್ ಎಂಬ ಜರ್ಮನ್ ವಿದುಷಿಯೂ ಅವರ ಸಹೋದ್ಯೋಗಿಯೂ ೨೦೦೨ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಸೊಂಟದ ಕೀಲನ್ನು ಬದಲಾಯಿಸಿಕೊಂಡ ರೋಗಿಗಳ ವಿಷಯ ಬರುತ್ತದೆ. ತಾವು ಎಷ್ಟು ಸಲೀಸಾಗಿ ಓಡಾಡುವೆವೆಂದು ಶಸ್ತ್ರಕ್ರಿಯೆಗೆ ಮುನ್ನ ಸುಖವಾದ ಕಲ್ಪನೆಗಳಲ್ಲಿ ಮುಳುಗಿದ್ದವರ ಚೇತರಿಕೆ ಉಳಿದವರಿಗಿಂತ ಹಿಂದೆ ಬಿದ್ದಿತಂತೆ. ಗುಣವಾಗಬಹುದೆಂದು ವಿಚಾರಮಾಡಿ ನಂಬಿದ್ದವರು ಚೆನ್ನಾಗಿ ಚೇತರಿಸಿಕೊಂಡರಂತೆ. ನಂಬಿಕೆ ಬೇರೆ, ಕನಸು ಬೇರೆ. ನಮ್ಮ ಹುಡುಗಿಯರು ನಡಿಗೆಯ ವಿಷಯವಾಗಿ ಕಾಣುವ ಕನಸು ಈಗ ಬಹುಮಟ್ಟಿಗೆ ಫೋನಿನಲ್ಲಿ ನೋಡಿದ ಬೆಟ್ಟದ ತುದಿಯ ಚಿತ್ರ. ಅಲ್ಲಿ ಬೆವರು ಕಾಣುವುದಿಲ್ಲ.

ಈ ಕಾರಣದಿಂದ ಪ್ರತಿ ಹುಡುಗಿಯೂ ಒಂದು ಸಣ್ಣ ಪುಸ್ತಕದಲ್ಲಿ "ಹೀಗಾದರೆ ಹೀಗೆ" ಎಂಬ ತಲೆಬರಹದ ಕೆಳಗೆ ತನಗೆ ಬರಬಹುದಾದ ಕಷ್ಟಗಳನ್ನೂ ಆಗ ತಾನು ಮಾಡುವುದನ್ನೂ ಬರೆದುಕೊಳ್ಳತಕ್ಕದ್ದೆಂದು ವಿಧಿಸಿದ್ದೇವೆ. ಬೂಟು ಉಜ್ಜಿದರೆ, ಬೊಬ್ಬೆ ಏಳುವ ಮೊದಲೇ ನಿಂತು ಪಟ್ಟಿ ಅಂಟಿಸಿಕೊಳ್ಳುವೆನು. ತಲೆ ಸುತ್ತಿದಂತಾದರೆ ಮುಂದಿನವಳ ಹೆಗಲನ್ನು ಮುಟ್ಟುವೆನು. ಗೆಳತಿ ಮಾತು ಬಿಟ್ಟರೆ ಜಗಳವಾಡದೆ ಅವಳ ಬಾಟಲಿಯನ್ನು ನೋಡುವೆನು. ಇದು ಕೊನೆಯದನ್ನು ಬರೆದವಳು ತರಗತಿಯಲ್ಲಿ ಹಿಂದಿನ ಬೆಂಚಿನವಳು. ನಮಗೆ ಹೊಳೆಯದೆ ಇದ್ದದ್ದು ಅವಳಿಗೆ ಹೊಳೆಯಿತು. ಮತ್ತೊಬ್ಬಳು, ಮನೆಯ ನೆನಪಾದರೆ ಕೊಬ್ಬರಿಮಿಠಾಯಿ ತಿನ್ನುವೆನು ಎಂದು ಬರೆದಿದ್ದಳು. ಅದನ್ನೂ ತಿದ್ದದೆ ಬಿಟ್ಟೆವು.

ಬರೆದದ್ದು ಬಾಯಿಗೆ ಬರಬೇಕಷ್ಟೆ. ದುರ್ಗದ ನಡಿಗೆಗಳಲ್ಲಿ ನಾವು ಒಂದು ನಿಯಮವನ್ನು ಮಾಡಿದೆವು: ನಾಮದ ಚಿಲುಮೆಯನ್ನು ಮುಟ್ಟುವುದರೊಳಗೆ ಪ್ರತಿಯೊಬ್ಬಳೂ, ಕಾರಣವಿರಲಿ ಇಲ್ಲದಿರಲಿ, ಒಂದು ಸಲ ಗಟ್ಟಿಯಾಗಿ "ನಿಲ್ಲಿರಿ" ಎಂದು ಕೂಗಿ ಇಡೀ ಸಾಲನ್ನು ನಿಲ್ಲಿಸಬೇಕು, ನಿಂತವರು ಗೊಣಗಕೂಡದು. ಮೊದಲ ಸಲ ಎಲ್ಲರಿಗೂ ನಗು. ಮೂರನೆಯ ನಡಿಗೆಯಲ್ಲಿಯೂ ಒಬ್ಬಳಿಗೆ ದನಿ ಏಳಲಿಲ್ಲ. ನಾಲ್ಕನೆಯದರಲ್ಲಿ ಅವಳು ಕೂಗಿ ನಿಲ್ಲಿಸಿ, ನಿಜವಾಗಿಯೇ ಬೂಟಿನೊಳಗಿಂದ ಒಂದು ಹರಳನ್ನು ತೆಗೆದು ಎಸೆದಳು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವರಿಗೆ ಕೊಡುವ ಸಂತೋಷವನ್ನು ಆ ಹರಳು ನಮಗೆ ಕೊಟ್ಟಿತು. ನಿವೃತ್ತ ಸೈನಿಕರ ಭಯಕ್ಕೆ ಉತ್ತರವಾಗಿ ಹೇಳುವುದಾದರೆ, ಯಾವಾಗ ಬೇಕಾದರೂ ನಿಲ್ಲಬಹುದೆಂದು ತಿಳಿದ ಮೇಲೆ ಮಕ್ಕಳು ಸುಮ್ಮಸುಮ್ಮನೆ ನಿಲ್ಲುವುದು ಕಡಮೆಯಾಯಿತು.

ವೇಗದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ೩ ಮೈಲಿಗೆ ಒಂದು ಗಂಟೆ, ೨,೦೦೦ ಅಡಿ ಏರಿಕೆಗೆ ಇನ್ನೊಂದು ಗಂಟೆ ಎಂದು ಸ್ಕಾಟ್ಲೆಂಡಿನ ನೇಸ್ಮಿತ್ ಎಂಬವರು ೧೮೯೨ರಲ್ಲಿ ಒಂದು ಲೆಕ್ಕ ಕೊಟ್ಟರು. ಅದು ಬೆಟ್ಟ ಹತ್ತುವುದರಲ್ಲಿ ಪಳಗಿದವರ ಲೆಕ್ಕ. ನಾವು ಗಂಟೆಗೆ ೨ ಮೈಲಿಯೆಂದು ಹೇಳಿ ಹೊರಡುತ್ತೇವೆ. ಎಲ್ಲರಿಗಿಂತ ನಿಧಾನದವಳು ಸಾಲಿನ ಮುಂದೆ ನಡೆಯುತ್ತಾಳೆ. ಹಿಂದೆ ಉಳಿಯುವವಳೆಂಬ ಹೆಸರೇ ಹೀಗೆ ಇಲ್ಲವಾಯಿತು.

ಇನ್ನು ನೀರಿನ ಮಾತು. ಇದನ್ನೂ ತಿಂಗಳ ದಿನಗಳ ವಿಷಯವನ್ನೂ ಇಂಥ ಸಂಚಿಕೆಯಲ್ಲಿ ಬರೆಯಬಹುದೇ ಎಂದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಶಂಕಿಸಿದರು. ಬರೆಯದೆ ಇದ್ದುದರಿಂದಲ್ಲವೇ ಮಗು ಆಸ್ಪತ್ರೆ ಸೇರಿದ್ದು? ಹೊರಡುವ ಮೊದಲು ಪ್ರತಿಯೊಬ್ಬಳಿಗೂ, ದಾರಿಯಲ್ಲಿ ಎಲ್ಲೆಲ್ಲಿ ಶಾಲೆಯ ಶೌಚಾಲಯಗಳುಂಟು, ಎಲ್ಲಿ ತೋಟದ ಮನೆಯವರನ್ನು ಕೇಳಬಹುದು ಎಂಬುದನ್ನು ನಕಾಶೆಯಲ್ಲಿ ಗುರುತಿಸಿ ತೋರಿಸುವೆವು. ಹಳ್ಳಿಯ ಹೆಂಗಸರನ್ನು ಕೇಳಿದಾಗ ಒಬ್ಬರೂ ಇಲ್ಲವೆಂದದ್ದನ್ನು ನಾವು ಕಾಣೆವು. ಉಪಾಧ್ಯಾಯಿನಿಯರು ಮೊದಲು ಹೋಗುವರು, ಮೊದಲು ಕುಡಿಯುವರು. ಆ ದಿನಗಳಲ್ಲಿರುವ ಹುಡುಗಿ ನಡೆಯಬೇಕೆಂದರೆ ನಡೆಯಲಿ, ಗಾಡಿಯಲ್ಲಿ ಬರಬೇಕೆಂದರೆ ಬರಲಿ, ಕಾರಣ ಕೇಳುವುದಿಲ್ಲ. ಸಾಮಾನು ಹೊರುವ ಗಾಡಿಯಲ್ಲಿ ಎರಡು ಸ್ಥಳಗಳನ್ನು ಯಾವಾಗಲೂ ಬಿಟ್ಟಿರುವೆವು, ಉಪಾಧ್ಯಾಯಿನಿಯರಿಗೂ ಸೇರಿ. ನಲವತ್ತು ದಾಟಿದ ಮೊಣಕಾಲುಗಳ ಪರವಾಗಿ ನಾವೇ ಅದನ್ನು ಮೊದಲು ಉಪಯೋಗಿಸಿಕೊಂಡರೂ ಆಶ್ಚರ್ಯವಿಲ್ಲ.

ಈಗ ಪೋಷಕರಲ್ಲಿ ಎರಡು ಮಾತು. ಹುಡುಗಿಯ ಮನಸ್ಸು ಅರ್ಧಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಸಿದ್ಧವಾಗುತ್ತದೆ. ಮನೆಯಲ್ಲಿಯೇ ಕೆಡುವುದೂ ಉಂಟು. "ನಿನ್ನ ಕೈಯಲ್ಲಿ ಆಗುತ್ತದೆಯೇ?" ಎಂದು ಹೊರಡುವ ದಿನದವರೆಗೂ ಕೇಳುವ ಮನೆಗಳುಂಟು. "ಹೋಗಿ ನಮ್ಮ ಮಾನ ಕಳೆಯಬೇಡ" ಎಂದು ಕಳುಹಿಸುವ ಮನೆಗಳೂ ಉಂಟು. ಮೊದಲನೆಯದು ಕಾಲನ್ನು ಕಟ್ಟುತ್ತದೆ, ಎರಡನೆಯದು ಬಾಯನ್ನು. ಎರಡರಲ್ಲಿ ನಾವು ಹೆಚ್ಚು ಅಂಜುವುದು ಎರಡನೆಯದಕ್ಕೆ. ನಡುವೆ ಹಿಂದಿರುಗಿ ಬಂದರೆ ಮನೆಯಲ್ಲಿ ಏನೂ ಕೇಳುವುದಿಲ್ಲವೆಂಬ ಮಾತನ್ನು ತಂದೆತಾಯಿಗಳು ಹೊರಡುವ ಮೊದಲೇ, ಬಾಯಿಬಿಟ್ಟು, ಮಗಳಿಗೆ ಹೇಳಬೇಕೆಂದು ಬೇಡುತ್ತೇವೆ. ಹುಡುಗಿಯರ ಕೈಯಲ್ಲಿ ಫೋನು ಇರುವುದಿಲ್ಲ. ಉಪಾಧ್ಯಾಯಿನಿಯರಲ್ಲಿ ಇರುತ್ತದೆ, ಪ್ರತಿ ರಾತ್ರಿ ಎಲ್ಲ ಮನೆಗಳಿಗೂ ಸುದ್ದಿ ಬರುತ್ತದೆ. ಹಿಂದಿನ ಸಲ ಒಬ್ಬ ತಂದೆಯವರು ಮೊದಲ ದಿನವೇ ಏಳು ಸಲ ಫೋನು ಮಾಡಿದರು. ಅವರ ಮಗಳು ಚೆನ್ನಾಗಿಯೇ ನಡೆದಳು. ತಂದೆಯವರಿಗೇ ಸಿದ್ಧತೆ ಸಾಲದಾಗಿತ್ತು.

ಪೂರ್ವ ವಿದ್ಯಾರ್ಥಿನಿಯರನ್ನೂ ತಾಯಂದಿರನ್ನೂ ನಾವು ಬರಿಯ ಮಾತಿನಿಂದ ಬಿಡುವುದಿಲ್ಲ. ಡಿಸೆಂಬರಿನ ಮೊದಲನೆಯ ಶನಿವಾರ ಬೆಳಿಗ್ಗೆ ೬ ಗಂಟೆಗೆ ಶಾಲೆಯ ಬಾಗಿಲಿನಿಂದ ಗೂಳೂರಿನವರೆಗೆ ಅಭ್ಯಾಸದ ನಡಿಗೆಯೊಂದನ್ನು ಏರ್ಪಡಿಸಿದೆ. ಬರುವವರು ಪಳಗಿದ ಚಪ್ಪಲಿಯನ್ನೋ ಬೂಟನ್ನೋ ಹಾಕಿಕೊಂಡು, ನೀರಿನ ಬಾಟಲಿಯನ್ನು ತರಬೇಕು. ದಾರಿಯಲ್ಲಿ ಒಂದು ಸಲವಾದರೂ ಸಾಲನ್ನು ನಿಲ್ಲಿಸಬೇಕು. ಅಂದು ಕಡಬದ ದಾರಿಯಲ್ಲಿ ಬಿದ್ದ ನಮ್ಮ ಹುಡುಗಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ಒಪ್ಪಿಗೆಯನ್ನು ಪಡೆದೇ ಇದನ್ನೆಲ್ಲ ಬರೆದಿರುವೆವು. ಗೂಳೂರಿಗೆ ತಾನೂ ಬರುವೆನೆಂದೂ, ಜನವರಿಯಲ್ಲಿ ರಜೆ ದೊರೆತರೆ ಮೂರನೆಯ ದಿನದ ದಾರಿಯನ್ನಷ್ಟಾದರೂ ನಮ್ಮೊಡನೆ ನಡೆಯುವೆನೆಂದೂ ತಿಳಿಸಿದ್ದಾಳೆ.